ಮಗು ಮಲಗಿದೆ

ಮಾರ್ಚ್ 3, ಮಧ್ಯಾಹ್ನ

ಬೆಳಿಗ್ಗೆಯಿಂದ ಒಂದೇ ಮಗುವಿಗೆ ಇಬ್ಬರು ಅಪ್ಪಂದಿರು ಬಂದರು. ಮೊದಲನೆಯವನು ಪಾಸ್ ತೋರಿಸಿ ಒಳಗೆ ಹೋದ. ಎರಡನೆಯವನು "ನಾನೇ ಅಪ್ಪ" ಎಂದು ಎದೆ ತಟ್ಟಿಕೊಂಡ. ಜೋರು ಮಾಡಿದ ಮೇಲೆ ಬಾಯಿಬಿಟ್ಟ — ಚಿಕ್ಕಪ್ಪನಂತೆ. ಹೆರಿಗೆ ವಾರ್ಡಿನ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ, ನನ್ನ ಹತ್ತಿರ ಈ ಆಟ! ಒಬ್ಬ ಬಾಣಂತಿಗೆ ಒಂದು ಪಾಸ್. ಉಳಿದವರಿಗೆ ಭೇಟಿ ಸಂಜೆ ನಾಲ್ಕರಿಂದ ಆರು ಗಂಟೆ. ಮಂತ್ರಿ ಬಂದರೂ ಅಷ್ಟೇ.

ಏಳನೇ ಬೆಡ್ಡಿನವಳು ಹೇಳಿ ಕಳಿಸಿದ್ದಳು, ದೊಡ್ಡಮ್ಮ ಬಂದರೆ ಬಿಡಬೇಡಿ, ಮಲಗಿದ್ದಾಳೆ ಅನ್ನಿ ಎಂದು. ಹಾಗೇ ಅಂದೆ. ದೊಡ್ಡಮ್ಮ ನನ್ನ ವಂಶವನ್ನೆಲ್ಲ ಜಾಲಾಡಿ ಹೋದಳು. ದಿನಾ ಇದ್ದದ್ದೇ. ಒಳಗಿರುವವರು ಒಳ್ಳೆಯವರು, ಬೈಗುಳ ಗೇಟಿನವಳಿಗೆ.

ಅಳಿಯನ ಫೋನ್ ಬಂದಿತ್ತು. ತುಂಬು ಗರ್ಭಿಣಿ ಮಗಳಿಗೆ ಬಿಪಿ ಏರಿದೆ. ಅವರ ನರ್ಸಿಂಗ್ ಹೋಮಿನವರು ಕೈಯೆತ್ತಿದ್ದಾರೆ, ದೊಡ್ಡಾಸ್ಪತ್ರೆಗೆ ಹೋಗಿ ಅಂದಿದ್ದಾರೆ. ದೊಡ್ಡಾಸ್ಪತ್ರೆ ಅಂದರೆ ಇದು. ಸೋಮವಾರ ಅಡ್ಮಿಟ್. "ನಮ್ಮಮ್ಮಾನೂ ಜೊತೇಲಿ ಬರ್ತಾರೆ" ಅಂದ.

ಬರಲಿ ಬರಲಿ. ಈ ದಿನಕ್ಕೇ ಕಾದಿದ್ದೆ.

ಮಾರ್ಚ್ 4

ಮನೆಯಲ್ಲಿ ಬರೆಯುವ ಅಭ್ಯಾಸವಿಲ್ಲ. ಹಳೇ ಗೇಟ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ, ಡ್ಯೂಟಿಯ ಮಧ್ಯೆ, ಕಣ್ಣು ಗೇಟಿನ ಮೇಲಿಟ್ಟು ಬರೆಯುವುದೇ ರೂಢಿ. ಆದರೆ ನಿನ್ನೆ ಎದ್ದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ. ಮೊದಲ ಮೊಮ್ಮಗಳು ಹುಟ್ಟಿ ಒಂಬತ್ತನೇ ದಿನ ನನಗೆ ಸುದ್ದಿ ಬಂತು. ರಜೆ ಹಾಕಿ ಓಡಿದೆ. ಹಳೇ ಮೆತ್ತನೆ ಬಟ್ಟೆಗಳನ್ನು ಹರಿದು, ಕುದಿಸಿ, ಅಂಚು ಹೊಲಿದು ಎರಡು ಡಜನ್ ಚೌಕ ಮಾಡಿ ಒಯ್ದಿದ್ದೆ. ಬೀಗಿತ್ತಿ ಬಾಗಿಲು ತೆಗೆದಳು. ಶಾಲೆಯಲ್ಲಿ ಹೆಡ್ ಮಿಸ್ ಆಗಿದ್ದವಳು. ರಿಟೈರಾದರೂ ಮುಖದಿಂದ ಬೆತ್ತ ಇಳಿದಿಲ್ಲ. "ಕೂತ್ಕೊಳ್ಳಿ. ಮಗು ಮಲಗಿದೆ." ಕೂತೆ. ಎದುರಿಗೆ ಗೋಡೆ ಗಡಿಯಾರ. ಪಕ್ಕದ ರೂಮಿನ ಬಾಗಿಲು ಹಾಕಿತ್ತು. ಮೂರು ಗಂಟೆ! ಮಗು ಅತ್ತದ್ದು ಎರಡು ಸಲ ನನ್ನ ಕಿವಿಗೇ ಬಿತ್ತು. ಕೇಳಿದರೆ ಮತ್ತೆ ಅದೇ — ಮಗು ಮಲಗಿದೆ. ಬಟ್ಟೆ ಗಂಟು ಕುರ್ಚಿಯ ಮೇಲಿಟ್ಟು ವಾಪಸ್ ಬಂದೆ. ತಿಂಗಳು ಬಿಟ್ಟು ಮತ್ತೆ ಹೋದೆ, ಮತ್ತೆ ಅದೇ ಕತೆ. ಆಮೇಲೆ ಹೋಗಲಿಲ್ಲ. ಮೊಮ್ಮಗಳನ್ನು ಅಳಿಯನ ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು.

ನನ್ನ ಮಗಳು ಬಾಯಿ ಸತ್ತವಳು. ಅತ್ತೆಗೆ ಎದುರಾಡುವ ಧೈರ್ಯ ಅವಳಿಗೆಲ್ಲಿಂದ ಬರಬೇಕು?

ಮೂರು ಗಂಟೆ. ಹೆಡ್ ಮಿಸ್ಸನ್ನು ನನ್ನ ಗೇಟಿನ ಬೆಂಚಿನ ಮೇಲೆ ಮೂರು ಗಂಟೆ ಕೂರಿಸುತ್ತೇನೆ. ಅದೇ ಮಾತು ಹೇಳುತ್ತೇನೆ, ಅದೇ ದನಿಯಲ್ಲಿ.

ಮಾರ್ಚ್ 6

ಅಡ್ಮಿಟ್ ಆಯಿತು. ಮಗಳು ಗಾಲಿಕುರ್ಚಿಯಲ್ಲಿ ಬಂದಳು. ಕಾಲು ಊದಿಕೊಂಡಿದೆ, ಮುಖ ಊದಿಕೊಂಡಿದೆ. ಗೇಟಿನಲ್ಲಿ ಒಂದು ಕ್ಷಣ ನಿಲ್ಲಿಸಿದೆ.

"ಊಟ ಆಯ್ತಾ?" ಅಂದಳು.

"ಆಯ್ತು."

ಅಷ್ಟೇ. ಹಿಂದೆಯೇ ಹೆಡ್ ಮಿಸ್ ನಿಂತಿದ್ದಳಲ್ಲ, ಪಾಪ, ಹೆದರಿದ್ದಾಳೆ. ಪಾಸನ್ನು ಅಳಿಯನ ಕೈಗೆ ಕೊಟ್ಟೆ. ಬೀಗಿತ್ತಿಗೆ ರೂಲ್ಸ್ ಓದಿ ಹೇಳಿದೆ. ಎದುರಾಡಲಿಲ್ಲ, ತಲೆಯಾಡಿಸಿ ಹೋದಳು. ಜಗಳ ಆಡಿದ್ದರೆ ಚೆನ್ನಾಗಿರುತ್ತಿತ್ತು, ನಾನು ತಯಾರಾಗಿಯೇ ಬಂದಿದ್ದೆ.

ಮಾರ್ಚ್ 9, ಬೆಳಿಗ್ಗೆ 11

ಹೆಣ್ಣು ಮಗು. ಹತ್ತು ನಲವತ್ತಕ್ಕೆ. ಎರಡೂಮುಕ್ಕಾಲು ಕೆಜಿ. ಇಬ್ಬರೂ ಕ್ಷೇಮ.

ಸಿಸ್ಟರ್ ಓಡಿ ಬಂದು ಹೇಳಿದರು. "ಬನ್ನಿ ಅಜ್ಜೀ, ಮೊಮ್ಮಗಳನ್ನ ನೋಡಿ" ಎಂದು ಕೈ ಹಿಡಿದು ಎಳೆದರು. ಕಾಲು ತಾನಾಗಿ ಹೊರಟೇಬಿಟ್ಟಿತ್ತು. ಎರಡು ಹೆಜ್ಜೆಗೆ ನಿಂತೆ. ಮಗಳು ಕರೆಯಲಿ. ನಾನಾಗಿ ಹೋಗಿ ಬಾಗಿಲು ಕಾದದ್ದು ಸಾಕು.

ಅಲ್ಲದೆ, ನಾನು ಒಳಗಿರುವಾಗ ಹೆಡ್ ಮಿಸ್ ಬಂದು ನುಸುಳಿಬಿಟ್ಟರೆ?

ಮಾರ್ಚ್ 9, ಸಂಜೆ 6:30

ಮೂರಕ್ಕೆ ಬಂದಳು. ಕೈಯಲ್ಲಿ ಚೀಲ, ಫ್ಲಾಸ್ಕು.

"ಕೂತ್ಕೊಳ್ಳಿ. ಮಗು ಮಲಗಿದೆ."

ಎಷ್ಟು ಚೆನ್ನಾಗಿ ಬಂತು ಮಾತು! ಹೊಟ್ಟೆ ತಣ್ಣಗಾಯಿತು.

ನಾಲ್ಕಕ್ಕೆ ಬೆಲ್ಲಾಯಿತು. ಎಲ್ಲರನ್ನೂ ಬಿಟ್ಟೆ. ಅತ್ತೆಯರು, ಭಾವಂದಿರು, ಹೂ ಹಿಡಿದವರು, ಬರಿಗೈಯವರು, ಮೊನ್ನೆಯ ಚಿಕ್ಕಪ್ಪನನ್ನೂ ಬಿಟ್ಟೆ. ಅವಳು ಎದ್ದು ಬಂದಳು. "ಮಗು ಮಲಗಿದೆ." ಹೋಗಿ ಕೂತಳು. ಐದಕ್ಕೂ ಅದೇ. ಇಪ್ಪತ್ತೆರಡು ವರ್ಷದಲ್ಲಿ ಭೇಟಿಯ ಹೊತ್ತಿನಲ್ಲಿ ಯಾರನ್ನೂ ನಾನಾಗಿ ತಡೆದವಳಲ್ಲ. ಇವತ್ತು ತಡೆದೆ, ನಾಚಿಕೆ ಆಗಲಿಲ್ಲ. ಅವಳು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ಆರಕ್ಕೆ ಬೆಲ್ಲಾಯಿತು. ಎದ್ದು ಸ್ಟೂಲಿನ ಹತ್ತಿರ ಬಂದಳು.

"ಮೂರು ಗಂಟೆ ಆಯ್ತು. ಸಮಾಧಾನ ಆಯ್ತಾ?"

"ಆಯ್ತು" ಅಂದೆ. ಯಾಕೆ ಸುಳ್ಳು ಹೇಳಬೇಕು?

"ಅವತ್ತು ಚಿಲಕ ಹಾಕಿದ್ದು ನಾನಲ್ಲ. ಒಳಗಿಂದ ನಿಮ್ಮ ಮಗಳು ಹಾಕ್ಕೊಂಡಿದ್ಲು."

ನಾನು ಸ್ಟೂಲಿನಿಂದ ಎದ್ದು ನಿಂತೆ.

"'ಅತ್ತೆ, ಮಗು ಮುಖಾನೂ ನೋಡಲ್ಲ ಅಂದಿದ್ದಾಳೆ ಅಮ್ಮ, ನೋಡೋದು ಬೇಡ. ಮಲಗಿದೆ ಅಂತ ಹೇಳಿ ಕಳಿಸಿ' ಅಂದ್ಲು. ಎರಡು ಸಲ ಹಿತ್ತಲ ಕಿಟಕಿ ಹತ್ತಿರ ಹೋಗಿ ಬೇಡ್ಕೊಂಡೆ. ಕೇಳ್ಲಿಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮತ್ತೆ?"

"ನಂಬಿ ಹೇಳಿದ ಮಾತು, ಹೇಗೆ ಬಿಟ್ಕೊಡ್ಲಿ? ನೀವು ಇಲ್ಲಿ ದಿನಾ ಮಾಡೋದೂ ಅದೇ ಅಲ್ವಾ? ಒಳಗಿನವರು ಹೇಳಿದ್ದನ್ನ ಹೊರಗೆ ಹೇಳೋದು. ಬೈಸ್ಕೊಳ್ಳೋದು."

ಗೇಟು ತೆಗೆದೆ. ಹೊತ್ತು ಮೀರಿತ್ತು. ಹೋಗಿ ಎಂದೆ.

ಮಾರ್ಚ್ 10

ನಿದ್ದೆ ಇಲ್ಲ.

ಅಂದಿದ್ದೆ, ನಿಜ. ನರ್ಸಿಂಗ್ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಮದುವೆ ಆಗ್ತೀನಿ ಅಂದಾಗ. ಈ ಗೇಟಿನಲ್ಲಿ ಕೂತು ಅವಳನ್ನು ಬಿಳಿ ಕೋಟಿನಲ್ಲಿ ಒಳಗೆ ಕಳಿಸಬೇಕು ಅಂತ ಇದ್ದವಳು ನಾನು. ಸಿಟ್ಟಿಗೆ ಬಾಯಿಗೆ ಬಂದದ್ದು — "ನಿನ್ನ ಹೊಟ್ಟೇಲಿ ಹುಟ್ಟಿದ್ದರ ಮುಖಾನೂ ನಾನು ನೋಡಲ್ಲ." ದಿನಕ್ಕೆ ಇಂಥವು ಹತ್ತು ಆಡುತ್ತೇನೆ. ಸಂಜೆಗೆ ಮರೆತುಹೋಗುತ್ತದೆ.

ಅವಳು ಮರೆತಿಲ್ಲ. ಬಾಯಿ ಸತ್ತವಳಂತೆ! ಬಾಗಿಲ ಹಿಂದೆ ಕೂತು, ಮಗು ಎತ್ತಿಕೊಂಡು, ಹೆತ್ತ ತಾಯಿ ಹೊರಗೆ ಮಗುವಿಗಾಗಿ ಕೇಳಿಕೊಳ್ಳುವುದನ್ನು ಕೇಳಿಸಿಕೊಂಡವಳು. ನಾಲ್ಕು ವರ್ಷ ಯಾರನ್ನೋ ಹಲ್ಲು ಕಡಿಯುತ್ತ ಶಪಿಸಿದೆನಲ್ಲ. ಹೆಡ್ ಮಿಸ್ ಸುಮ್ಮನೆ ಏಟು ತಿಂದಳು.

ಹಟದಲ್ಲಿ ಮಾತ್ರ ನನ್ನ ಮಗಳೇ. ಅನುಮಾನವೇ ಇಲ್ಲ. ಹಾಗಾದರೆ ಅವಳಿಗೂ ಗೊತ್ತಾಗಲಿ, ನಾನು ಅವಳ ಅಮ್ಮ ಅಂತ.

ಮಾರ್ಚ್ 13, ಮಧ್ಯಾಹ್ನ 12:50

ಇವತ್ತು ಡಿಸ್ಚಾರ್ಜ್. ನಾಲ್ಕು ದಿನ ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ. ಸಿಸ್ಟರ್‌ಗೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಿದೆ.

ಈಗ ಬೀಗಿತ್ತಿ ಬಂದು ಪಾಸನ್ನು ನನ್ನ ಮೇಜಿನ ಮೇಲಿಟ್ಟಳು. "ಕರೀತಿದ್ದಾಳೆ. ಹೋಗಿ ಬನ್ನಿ." ಪಾಸಿನಲ್ಲಿ ಅಳಿಯನ ಹೆಸರು ಹೊಡೆದುಹಾಕಿದೆ. ಬಾಣಂತಿಗೆ ಏನಾಗಬೇಕು ಅನ್ನುವ ಜಾಗದಲ್ಲಿ ಮಗಳ ಅಕ್ಷರ — ಅಮ್ಮ.

ಡ್ರಾಯರಿನಲ್ಲಿಟ್ಟೆ. "ಡ್ಯೂಟಿ ಇದೆ ಅಂತ ಹೇಳಿ" ಅಂದೆ.

ಮೂರು ಗಂಟೆ ಕಾಯಲಿ. ಒಂದು ನಿಮಿಷ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮೂರೂ ಐವತ್ತಕ್ಕೆ ಎದ್ದು ಹೋಗುತ್ತೇನೆ, ಮಗು ಎತ್ತಿಕೊಳ್ಳುತ್ತೇನೆ.

2:15

ಒಳಗೆ ಯಾವುದೋ ಮಗು ಅಳುತ್ತಿದೆ. ಹನ್ನೆರಡು ಮಕ್ಕಳಿವೆ. ಯಾವುದೋ.

2:40

ಅದೇ ಮಗು. ದನಿ ಗಟ್ಟಿ. ಸ್ಟೂಲಿನಿಂದ ಎದ್ದೆ, ಕೂತೆ. ಇನ್ನೂ ಒಂದು ಗಂಟೆ ಹತ್ತು ನಿಮಿಷ.

3:35

ಕಾಯಲಿಲ್ಲ! ಗಾಲಿಕುರ್ಚಿಯಲ್ಲಿ ಹೊರಟು ಬಂದೇಬಿಟ್ಟಳು. ಅಳಿಯ ತಳ್ಳುತ್ತಿದ್ದ, ಬೀಗಿತ್ತಿ ಪಕ್ಕದಲ್ಲಿ. ಮಗು ಮಡಿಲಲ್ಲಿ. ಮುಖದ ಮೇಲೆ ಬಟ್ಟೆ.

ಮಗು ಹೊರಗೆ ಹೋಗುವಾಗ ಅದರ ಕಾಲಿನ ಪಟ್ಟಿ, ತಾಯಿಯ ಕೈಪಟ್ಟಿ, ಎರಡರ ನಂಬರ್ ನೋಡಿ ಬಿಡಬೇಕು. ನನ್ನ ಕೆಲಸ. "ನಂಬರ್" ಅಂದೆ. ತನ್ನ ಕೈ ಚಾಚಿದಳು. ಆಮೇಲೆ ಬಟ್ಟೆಯ ಈ ತುದಿ ಎತ್ತಿ ಒಂದು ಕಾಲು ಮಾತ್ರ ಹೊರಗೆ ತೆಗೆದಳು. ಕಾಲು ಮಾತ್ರ! ಮುಖದ ಬಟ್ಟೆಯ ಮೇಲೆ ಇನ್ನೊಂದು ಕೈ ಗಟ್ಟಿಯಾಗಿ ಇಟ್ಟುಕೊಂಡಿದ್ದಳು.

ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟು. ನಂಬರನ್ನು ಮೂರು ಸಲ ಓದಿದೆ. ಸರಿಯಾಗಿತ್ತು.

"ಡಿಸ್ಚಾರ್ಜ್ ಚೀಟಿ ಮೇಲೆ ಸೀಲ್ ಸರಿಯಾಗಿ ಬಿದ್ದಿಲ್ಲ" ಎಂದೆ ಅಳಿಯನಿಗೆ. "ಆಫೀಸಿಗೆ ಹೋಗಿ ಇನ್ನೊಂದು ಹಾಕಿಸ್ಕೊಂಡು ಬಾಪ್ಪಾ." ಸೀಲ್ ಚೆನ್ನಾಗೇ ಬಿದ್ದಿತ್ತು. ಅವನು ಹೋದ. ಆಫೀಸು ಆ ಕಡೆಯ ಬಿಲ್ಡಿಂಗು, ಎರಡನೇ ಮಹಡಿ.

3:45

ಅವಳು ಎದುರಿಗೇ ಕೂತಿದ್ದಾಳೆ. ನಾನು ಗೇಟ್ ಬುಕ್ ತುಂಬುತ್ತಿದ್ದೇನೆ ಅಂದುಕೊಂಡಿರಬೇಕು. ಬೀಗಿತ್ತಿ ಒಮ್ಮೆ ಅವಳನ್ನು ನೋಡುತ್ತಾಳೆ, ಒಮ್ಮೆ ನನ್ನನ್ನು. "ಅಚ್ಚು ಹೊಯ್ದ ಹಾಗಿದ್ದೀರ ಇಬ್ಬರೂ" ಎಂದು ಆ ಕಡೆ ತಿರುಗಿ ಕೂತಳು.

ಅವಳು ಬಟ್ಟೆ ಸರಿಸುವುದಿಲ್ಲ. ನಾನು ಕೇಳುವುದಿಲ್ಲ. ಕೀಲಿ ನನ್ನ ಸೊಂಟದಲ್ಲಿದೆ. ಇಲ್ಲೇ ಸಂಜೆ ಮಾಡಿದರೂ ಸರಿ.

ಮಗು ಅಳುತ್ತಿದೆ. ಹೌದು, ಮಧ್ಯಾಹ್ನದಿಂದ ಅತ್ತದ್ದು ಇದೇ. ಅವಳು ತಟ್ಟುತ್ತಿದ್ದಾಳೆ. ಹಾಗಲ್ಲ, ಇನ್ನೂ ಸ್ವಲ್ಪ ಮೇಲೆ, ಬೆನ್ನಿಗೆ. ಹೇಳುವುದಿಲ್ಲ.

ಈಗ ಅಂದಳು. ನನ್ನ ಕಡೆ ನೋಡದೆ, ಬೈಯುವವಳ ಹಾಗೆ —

"ಕೈ ತೊಳ್ಕೊಂಡಿದ್ದೀಯೇನಮ್ಮಾ?"

ಇಲ್ಲ. ಬೆಳಿಗ್ಗೆಯಿಂದ ಕೀಲಿ, ಪಾಸು, ಯಾರ್ಯಾರದೋ ಕೈ... ನಲ್ಲಿ ಒಳಗಿದೆ, ಕಾರಿಡಾರಿನ ಕೊನೆಗೆ. ಹೋಗಿ ಬರುವಷ್ಟರಲ್ಲಿ ಇವಳ ಮನಸ್ಸು ಬದಲಾದರೆ? ಅಳಿಯ ಬಂದುಬಿಟ್ಟರೆ? ಬರಲಿ. ಗೇಟು ಹೇಗೆ ತೆಗೀತಾನೆ? ಕೀಲಿ ಜೊತೆಗೇ ಒಯ್ಯುತ್ತೇನೆ. ಸೋಪು ಇದೆಯೋ ಇಲ್ಲವೋ ಆ ನಲ್ಲಿ ಹತ್ತಿರ, ಸಿಸ್ಟರ್ ರೂಮಿನ ಸೋಪೇ ತೆಗೆದುಕೊಳ್ಳುತ್ತೇನೆ. ಎದ್ದೆ.