ಏಳನೆಯ ಮುಳುಗು

ಕುಡ್ತರಿ,
ಜೂನ್ 2, ಸೋಮವಾರ

ಪ್ರೀತಿಯ ಅರ್ಮಿಂದಾ,

ಹೇಗಿದ್ದೀಯ? ನಿನ್ನ ಮೊಣಕಾಲು ಹೇಗಿದೆ? ಈಸ್ಟರಿನ ವಾರದಲ್ಲೇ ನಿನ್ನ ಪತ್ರ ಕೈಸೇರಿತ್ತು. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಬರೆಯಲು ಕೂತರೆ ಸಾಲು ಸಾಲಿನ ಮೇಲೆ ಹತ್ತುತ್ತದೆ. ಫೋನ್ ಮಾಡಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನೀನು ಎಲ್ಲದಕ್ಕೂ ಹಾಂ ಹಾಂ ಅನ್ನುತ್ತ ಅತ್ತ ಕುಕ್ಕರಿನ ಸೀಟಿ ಎಣಿಸುತ್ತಿರುತ್ತೀಯ, ನನಗೆ ಗೊತ್ತಿಲ್ಲವೇ. ಅದೂ ಅಲ್ಲದೆ ಹೋದ ವಾರ ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ.

ಡಾಕ್ಟರು ಜೂನ್ ಮುಗಿಯುವವರೆಗೆ ಬಸ್ಸು ಹತ್ತಬಾರದು ಅಂದಿದ್ದಾರೆ, ಈ ಬೇಸಿಗೆಗೆ ಬರಲಾರೆ ಅಂತ ಬರೆದಿದ್ದೆಯಲ್ಲ, ಓದಿ ಬೇಜಾರಾಯಿತು. ಈಗ ಅನ್ನಿಸುತ್ತಿದೆ, ಬರದಿದ್ದದ್ದೇ ಒಳ್ಳೆಯದಾಯಿತು. ಈ ಸಲದ ಉಪ್ಪುನೀರಿನ ಸ್ನಾನ ಕೆಟ್ಟು ಕೆರ ಹಿಡಿದು ಹೋಯಿತು. ನಿನ್ನೆ ಏನಾಯಿತೆಂದು ಹೇಳಲೆಂದೇ ಭೂತಗನ್ನಡಿ ಹಿಡಿದು ಕೂತಿದ್ದೇನೆ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ?

ನೀನು ಬೆಳಗಾವಿಗೆ, ತಂಗಿಯ ಮನೆಗೆ ಹೋದ ಮೇಲೆ ನಾವು ಉಳಿದದ್ದು ಮೂವರು. ನಾನು, ಪಿಯೆದಾದ್, ಕ್ವಿತೇರಿಯಾ. ಒಂದೇ ಬೆಂಚಿನಲ್ಲಿ ಕೂತು ಕಲಿತ ನಾಲ್ವರಲ್ಲಿ ಒಬ್ಬಳು ಕಡಿಮೆಯಾದಳೆಂದು ಮೂವತ್ತೈದು ವರ್ಷದ ಪದ್ಧತಿ ಬಿಡುವುದಕ್ಕಾಗುತ್ತದೆಯೇ? ಬೇಸಿಗೆಯಲ್ಲಿ ಏಳು ಮುಳುಗು ಹಾಕಿದರೆ ಮಳೆಗಾಲವಿಡೀ ಕೀಲುನೋವು ಹತ್ತಿರ ಸುಳಿಯುವುದಿಲ್ಲ. ಐದಾದರೂ ಆದೀತು, ಒಂಬತ್ತಾದರೂ ಆದೀತು, ಬೆಸವಾಗಿರಬೇಕು ಅಷ್ಟೆ. ಪಿಯೆದಾದಳ ಅತ್ತೆ ಒಂದು ವರ್ಷ ಆರಕ್ಕೇ ನಿಲ್ಲಿಸಿ ಜೂನ್ ಕೊನೆಗೆ, ಸಂತ ಜುವಾಂವ್ ಹಬ್ಬದ ಹೊತ್ತಿಗೆ ಹಾಸಿಗೆ ಹಿಡಿದದ್ದು ನಿನಗೂ ನೆನಪಿರಬೇಕು. ಅಂದಿನಿಂದ ಪಿಯೆದಾದ್ ಬೆರಳು ಮಡಚಿ ಎಣಿಸುತ್ತಾಳೆ, ಲೆಕ್ಕ ತಪ್ಪುವವಳಲ್ಲ.

ನಾನು ಈಸ್ಟರಿಗೆ ಮೊದಲೇ ಎಲ್ಲ ಬರೆದು ಇಬ್ಬರ ಮನೆಗೂ ಕೊಟ್ಟು ಬಂದಿದ್ದೆ. ಏಳು ಭಾನುವಾರ, ದಿನಕ್ಕೆ ಒಂದು ಮುಳುಗು. ಬೆಳಗಿನ ಪೂಜೆ ಮುಗಿದ ಕೂಡಲೇ ಏಳೂ ಮುಕ್ಕಾಲಿಗೆ ಇಗರ್ಜಿಯ ಎದುರು ಸಾಲ್ವಾದೋರನ ವ್ಯಾನು. ಎಂಟೂವರೆಗೆ ಬಾಣಾವ್ಲಿಯ ಕಡಲ ಮರಳು. ಹನ್ನೊಂದರೊಳಗೆ ಸ್ನಾನ, ಹನ್ನೆರಡಕ್ಕೆ ಊಟ, ಮೂರಕ್ಕೆ ಮನೆ ಕಡೆ. ಇದರಲ್ಲಿ ಕಷ್ಟವೇನಿದೆ, ನೀನೇ ಹೇಳು.

ಮೊದಲನೆಯ ಭಾನುವಾರ ಕ್ವಿತೇರಿಯಾ ಐವತ್ತು ನಿಮಿಷ ತಡವಾಗಿ ಬಂದಳು. ಸಮುದ್ರಕ್ಕೆ ಹೋಗುವವಳು ಹಿಂದಿನ ಸಂಜೆ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದಾಳೆ. ನೀರಿಗೆ ಇಳಿದ ಮೇಲೆ ತಲೆ ಒದ್ದೆ ಮಾಡುವುದಿಲ್ಲ ಅಂತ ಹಟ. ತಲೆ ಮುಳುಗದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನು. ಕೊನೆಗೆ ನಾನೇ ಹೆಗಲು ಹಿಡಿದು ಒತ್ತಿದೆ. ಮೇಲೆದ್ದವಳ ಕುತ್ತಿಗೆಯ ಮೇಲೆ ಕಪ್ಪು ನೀರು ಇಳಿಯುತ್ತಿತ್ತು. ದಿನವಿಡೀ ತಲೆಗೆ ಟವೆಲು ಸುತ್ತಿಕೊಂಡೇ ಕೂತಳು ಮಹಾರಾಯ್ತಿ.

ಎರಡನೆಯ ಸಲ ಪಿಯೆದಾದಳಿಗೆ ಬರೀ ಪೊಯೆ ರೊಟ್ಟಿ ಮತ್ತು ಮಾವಿನಹಣ್ಣು ತಾ ಅಂದಿದ್ದೆ. ಅವಳು ಕೋಳಿ ಶಾಕುತಿ ಸಾರಿನ ಪಾತ್ರೆ, ಗಂಜಿಯ ಪಾತ್ರೆ, ಒಣಮೀನಿನ ಡಬ್ಬಿ, ಪಿಂಗಾಣಿ ತಟ್ಟೆ, ಕೊನೆಗೆ ಮನೆಯ ಮೇಜಿನ ಹೊದಿಕೆಯನ್ನೂ ಹೊತ್ತು ತಂದಳು. ಮುಳುಗು ಮುಗಿಸಿ ಹೊಟ್ಟೆ ತುಂಬಿದ ಮೇಲೆ ಯಾರು ಏಳುತ್ತಾರೆ? ಇಬ್ಬರೂ ಗಾಳಿಮರದ ನೆರಳಲ್ಲಿ ಗೊರಕೆ ಹೊಡೆದರು. ನಾನು ತಟ್ಟೆಗೆ ಮರಳು ಹಾರದಂತೆ ಕಾವಲು ಕೂತೆ.

ಮೂರನೆಯ ಸಲ ಹೋಗುವಷ್ಟರಲ್ಲಿ ನಮ್ಮ ಗಾಳಿಮರದ ಜಾಗದಲ್ಲಿ ಯಾರೋ ಮಂಚ, ಕೊಡೆ ಹಾಕಿ ಕೂತಿದ್ದರು. ಏನಾದರೂ ತಗೊಳ್ಳಿ ಇಲ್ಲ ಆಚೆ ಹೋಗಿ ಅಂದ ಒಬ್ಬ. ನನ್ನ ಪಿತ್ತ ನೆತ್ತಿಗೇರಿತು. ನೀನು ಹುಟ್ಟುವ ಮೊದಲಿನಿಂದ ನಾವು ಇಲ್ಲಿ ಕೂರುತ್ತಿದ್ದೇವೆ ಅಂತ ಅರ್ಧ ಗಂಟೆ ವಾದ ಮಾಡಿದೆ, ಪಂಚಾಯತಿಗೆ ಬರೆಯುತ್ತೇನೆ ಅಂದೆ. ತಿರುಗಿ ನೋಡಿದರೆ ನಮ್ಮವರಿಬ್ಬರೂ ಹತ್ತು ಮಾರು ಆಚೆ ಎಳನೀರು ಕುಡಿಯುತ್ತ ನಗುತ್ತಿದ್ದಾರೆ. ನಾನು ಹೋದ ಕೂಡಲೇ ನಗು ನಿಂತಿತು. ಆಗ ನನಗೆ ಹೊಳೆಯಲಿಲ್ಲ.

ನಾಲ್ಕನೆಯದರಲ್ಲಿ ಉರಾಕಿನ ಜಗಳ. ಗೇರುಹಣ್ಣಿನ ಕಾಲ, ಮೊದಲ ಬಟ್ಟಿಯ ಉರಾಕ್, ನಿಂಬೆಸೋಡ, ಸೀಳಿದ ಹಸಿಮೆಣಸು, ನನಗೇನು ಬೇಡವೇ? ಸ್ನಾನ ಆದ ಮೇಲೆ ಅಂದೆ, ಅಷ್ಟೆ. ಕುಡಿದು ನೀರಿಗಿಳಿದರೆ ಅಲೆ ಎಳೆದುಕೊಂಡು ಹೋಗುತ್ತದೆ. ಕ್ವಿತೇರಿಯಾ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, "ನಾವೇನು ನಿನ್ನ ನಾಲ್ಕನೇ ಕ್ಲಾಸಿನವರಾ, ಟೀಚರ್?" ಅಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಸೂರ್ಯ ಮುಳುಗುವವರೆಗೆ ಇರೋಣ ಅಂತ ಪಿಯೆದಾದ್ ಗೋಗರೆದಳು. ಕತ್ತಲಿಗೆ ಮುಂಚೆ ಮನೆ ಸೇರಬೇಕು ಅಂತ ನಾನು ಮೂರಕ್ಕೇ ಎಬ್ಬಿಸಿದೆ. ಐದನೆಯದು ಹೇಗೋ ಜಗಳವಿಲ್ಲದೆ ಮುಗಿಯಿತು.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳುತ್ತೇನೆ ಕೇಳು. ವಾರವಿಡೀ ಈ ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ಶನಿವಾರ ಸಂಜೆ ಟವೆಲು, ಎಣ್ಣೆ, ಚಾಪೆ ಎಲ್ಲ ಬಾಗಿಲ ಹತ್ತಿರ ಜೋಡಿಸಿಟ್ಟು ಮಲಗುತ್ತೇನಲ್ಲ, ಆ ಒಂದು ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ನನಗೆ ಇರುವುದೇ ಈ ಭಾನುವಾರಗಳು.

ಹೋದ ಗುರುವಾರ ಕಣ್ಣಿನ ಡಾಕ್ಟರನ್ನು ನೋಡಲು ಮಡಗಾಂವಿಗೆ ಹೋಗಿದ್ದೆ. ಕ್ವಿತೇರಿಯಾ ಹಿಂದಿನ ದಿನವೇ ಬಂದು, ಎಷ್ಟು ಹೊತ್ತಿಗೆ ಹೋಗ್ತೀಯ, ಎಷ್ಟು ಹೊತ್ತಿಗೆ ಬರ್ತೀಯ ಅಂತೆಲ್ಲ ವಿಚಾರಿಸಿದಳು. ಎಷ್ಟು ಕಾಳಜಿ ಅಂತ ನನಗೆ ಕಣ್ಣಲ್ಲಿ ನೀರು ಬಂತು. ಒಂದು ಡಬ್ಬಿ ತುಂಬ ಹಲಸಿನ ಹಣ್ಣಿನ ತೊಳೆ ಬಿಡಿಸಿ ಕೊಟ್ಟು ಕಳಿಸಿದೆ.

ಈಗ ನಿನ್ನೆಯ ಕಥೆ. ಬೆಳಿಗ್ಗೆ ವ್ಯಾನು ಹತ್ತುವಾಗಲೇ ಶಕುನ ಸರಿಯಿರಲಿಲ್ಲ. ನೀನು ಹೋದ ಮೇಲೆ ಮುಂದಿನ ಸೀಟು ನನ್ನ ಪಾಲಿಗೆ ಬಂದಿದೆಯಲ್ಲ, ನಿನ್ನ ಹಾಗೆ ವಾಂತಿಯ ಭಯ ನನಗಿಲ್ಲದಿದ್ದರೂ. ಕೂತೆ, ಕಾಲಡಿ ಏನೋ ಉರುಳಿತು. ತಡವಿ ನೋಡಿದರೆ ಒಣಗಿದ ನಿಂಬೆಹಣ್ಣು. ಇದು ಗಾಡಿಯೋ ಕಸದ ತೊಟ್ಟಿಯೋ ಅಂತ ಸಾಲ್ವಾದೋರನನ್ನು ತರಾಟೆಗೆ ತೆಗೆದುಕೊಂಡೆ. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕ್ವಿತೇರಿಯಾ, ನೀನು ರಸ್ತೆ ನೋಡಿ ಓಡಿಸಪ್ಪಾ ಅಂದಳು. ಕಿಟಕಿಯಿಂದ ಹೊರಗೆ ಎಸೆಯುವ ಜಾತಿ ನಾನಲ್ಲ. ಮನೆಗೆ ಹೋಗಿ ಬಿಸಾಡಿದರಾಯಿತೆಂದು ನನ್ನ ಚೀಲಕ್ಕೇ ಹಾಕಿಕೊಂಡೆ. ಸಮುದ್ರಕ್ಕೆ ಹೋಗುವ ದಿನ ಕನ್ನಡಕ ತೆಗೆದುಕೊಂಡು ಹೋಗುವುದಿಲ್ಲವಾದ್ದರಿಂದ ಎಲ್ಲವೂ ತಡವುವುದೇ.

ಬೆಳಿಗ್ಗೆ ಮೂವರೂ ಕೈ ಕೈ ಹಿಡಿದು ಮುಳುಗಿದೆವು. ನನ್ನ ಲೆಕ್ಕದಲ್ಲಿ ಆರನೆಯದು. ಊಟದ ಹೊತ್ತಿಗೆ ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಬರುವ ಭಾನುವಾರದವರೆಗೆ ಮಳೆ ಕಾಯುವ ಹಾಗೆ ಕಾಣಲಿಲ್ಲ. ಅದಕ್ಕೆ ನಾನು, ಮೈ ಒಣಗಿದೆಯಲ್ಲ, ಇನ್ನೊಂದು ಸಲ ಇಳಿದು ಇವತ್ತೇ ಏಳು ಮುಗಿಸಿಬಿಡೋಣ ಏಳಿ ಅಂದೆ. ಕ್ವಿತೇರಿಯಾ ಸೊಂಟನೋವು ಅಂದಳು. ಅದಕ್ಕೇ ತಾನೇ ಸ್ನಾನ, ಏಳು ಅಂತ ಕೈ ಹಿಡಿದೆಳೆದೆ. ಪಿಯೆದಾದಳ ಕಡೆಗೂ ಕೈ ಚಾಚಿದೆ. ಅವಳು ಬೆಂಕಿ ಕಂಡವಳ ಹಾಗೆ ಹಿಂದೆ ಸರಿದು, "ಬೇಡ ಕಣೇ, ಎಂಟಾಗ್ತದೆ" ಅಂದಳು.

ಎಂಟು ಹೇಗಾಗುತ್ತದೆ ಅಂತ ಕೇಳಿದೆ. ಏಪ್ರಿಲಿನಿಂದ ಒಂದೊಂದೇ ಭಾನುವಾರ ಬಿಡಿಸಿ ಹೇಳಿದೆ. ಆರೇ. ಪಿಯೆದಾದ್ ಕ್ವಿತೇರಿಯಾಳ ಮುಖ ನೋಡಿದಳು, ಕ್ವಿತೇರಿಯಾ ಸಮುದ್ರ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪಿಯೆದಾದಳ ಬೆರಳು ತಾನಾಗಿಯೇ ಮಡಚಿಕೊಂಡಿತ್ತು, ಏಳು ಬೆರಳು. ಗುರುವಾರವಾ ಅಂತ ಕೇಳಿದೆ. ಅವಳು ಅಳಲು ಶುರು ಮಾಡಿದಳು.

ಇಬ್ಬರೂ ಸುಳ್ಳು ಹೇಳಿ ಮುಚ್ಚಿಡಬಹುದಿತ್ತು. ಎಂಟನೆಯ ಮುಳುಗು ಹಾಕಿ ಸುಮ್ಮನಿರಬಹುದಿತ್ತು. ನನಗೆ ಮೋಸ ಮಾಡುವ ಧೈರ್ಯ ಇವರಿಗಿದೆ, ಸಮಸಂಖ್ಯೆಯ ಸ್ನಾನ ಮಾಡುವ ಧೈರ್ಯ ಇಲ್ಲ. ಎಂಥ ಹೆಂಗಸರು ನೋಡು.

ಯಾಕೆ ಅಂತ ಕೇಳಿದೆ. ಪಿಯೆದಾದ್ ಮೂಗು ಒರೆಸಿಕೊಳ್ಳುತ್ತಲೇ ಇದ್ದಳು. ಕ್ವಿತೇರಿಯಾ ಮೆಲ್ಲಗೆ ಹೇಳಿದಳು, "ನಿನ್ನ ಜೊತೆ ಬಂದ್ರೆ ನಮಗೆ ಸಮುದ್ರ ಕಾಣೋದಿಲ್ಲ ಎಸ್ಪು. ನಿನ್ನ ವಾಚು ಕಾಣ್ತದೆ. ಒಂದು ದಿನ, ಒಂದೇ ಒಂದು ದಿನ, ಸೂರ್ಯ ಮುಳುಗೋದು ನೋಡ್ಬೇಕಿತ್ತು."

ಯಾರ್‍ಯಾರು ಹೋಗಿದ್ದಿರಿ ಅಂದೆ. ನಾವಿಬ್ಬರೇ ಅಂದಳು.

ಮೂರು ಗಂಟೆಗೆ ಎದ್ದು ವ್ಯಾನು ಹತ್ತಿದೆವು. ನನ್ನ ಮೈಮೇಲಿನ ಉಪ್ಪು ಕಡಿಯುತ್ತಿತ್ತು. ಮನೆಗೆ ಬಂದು ಸಿಹಿನೀರು ಹೊಯ್ದುಕೊಂಡುಬಿಟ್ಟೆ, ರಾತ್ರಿಯವರೆಗೆ ಉಪ್ಪು ತೊಳೆಯಬಾರದೆಂಬ ನಿಯಮವನ್ನೂ ಬಿಟ್ಟು.

ನೀನು ನ್ಯಾಯ ಹೇಳು ಅರ್ಮಿಂದಾ. ನಾನು ವಾಚು ನೋಡದಿದ್ದರೆ ಇವರು ಮನೆಯ ಗೇಟಾದರೂ ದಾಟುತ್ತಿದ್ದರೇ? ಮೂವತ್ತೈದು ವರ್ಷ ಗಾಡಿ ಹೇಳಿದವಳು, ಚಾಪೆ ಹೊತ್ತವಳು ನಾನು. ನನ್ನ ಬಾಯಿ ಜೋರು, ಒಪ್ಪುತ್ತೇನೆ. ನೀನಿದ್ದಾಗ ನನ್ನ ಮೊಣಕೈ ಚಿವುಟಿ, ಸಾಕು ಸುಮ್ಮನಿರೇ ಅನ್ನುತ್ತಿದ್ದೆ, ನಾನು ಸುಮ್ಮನಾಗುತ್ತಿದ್ದೆ. ಚಿವುಟುವವಳು ಘಟ್ಟ ಹತ್ತಿ ಹೋದಳು. ಇವರಿಗೆ ಚಿವುಟಲು ಬರುವುದಿಲ್ಲ, ಕದ್ದು ಹೋಗಲು ಬರುತ್ತದೆ. ನೀನೊಬ್ಬಳಿದ್ದೀಯ ಅನ್ನುವುದೇ ನನಗೆ ಸಮಾಧಾನ.

ಈ ಪತ್ರದ ಜೊತೆ ಮಾವಿನ ಮಿಸ್ಕುಟ್ ಉಪ್ಪಿನಕಾಯಿ ಕಳಿಸಬೇಕೆಂದಿದ್ದೆ, ಅಂಚೆಯಲ್ಲಿ ಎಣ್ಣೆ ಸೋರುತ್ತದೆ. ಯಾರಾದರೂ ಅತ್ತ ಬರುವವರಿದ್ದರೆ ಕೊಟ್ಟು ಕಳಿಸುತ್ತೇನೆ. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚು, ನೆಲದ ಮೇಲೆ ಕೂರಬೇಡ. ನಿನ್ನ ತಂಗಿಗೂ ಮಕ್ಕಳಿಗೂ ನನ್ನ ಪ್ರೀತಿ. ಸಾಯ್ಬಿಣ್ ಮಾಯ್, ನಮ್ಮ ಮರಿಯಮ್ಮ, ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ, ಈ ಮಳೆಗಾಲ ನಿನಗೆ ನೋವಿಲ್ಲದೆ ಕಳೆಯಲಿ.

ನಿನ್ನ
ಎಸ್ಪೆರಾನ್ಸಾ

ಮರೆತ ಮಾತು: ಅಂಚೆಚೀಟಿ ಹುಡುಕಲು ಚೀಲ ಕೊಡವಿದೆ. ಮರಳಿನ ಜೊತೆ ಆ ನಿಂಬೆಹಣ್ಣೂ ಬಿತ್ತು. ಈಗ ಕನ್ನಡಕ ಇದೆ, ಭೂತಗನ್ನಡಿಯೂ ಇದೆ. ನಿಂಬೆಗೆ ಯಾರೋ ಮೂರು ಲವಂಗ ಚುಚ್ಚಿದ್ದಾರೆ, ಒಂದರ ಪಕ್ಕ ಒಂದು. ವಾಂತಿ ಬಾರದಿರಲೆಂದು ನಿನ್ನ ಅಮ್ಮ ಚುಚ್ಚಿಕೊಡುತ್ತಿದ್ದ ಹಾಗೆ. ಈ ಊರಿನಲ್ಲಿ ಹಾಗೆ ಮಾಡುವವರು ಇನ್ನು ಯಾರೂ ಇಲ್ಲ.

ನಿನಗೆ ಫೋನ್ ಮಾಡಲಿಲ್ಲ. ಸಾಲ್ವಾದೋರನಿಗೆ ಮಾಡಿದೆ. ಅವನಿಗೆ ಏನು ಗೊತ್ತು ಪಾಪ, "ಗುರುವಾರ ಮೂವರಿದ್ರು ಆಂಟಿ, ಬೆಳಗಾವಿ ಆಂಟಿ ಮುಂದೆ ಕೂತಿದ್ರು. ನಿಮಗೆ ಹುಷಾರಿಲ್ಲ ಅಂದ್ರು" ಅಂದ.

ಪತ್ರ ಹರಿದು ಹಾಕೋಣ ಅನ್ನಿಸಿತು. ಈ ಕಣ್ಣಿನಲ್ಲಿ ನಾಲ್ಕು ಹಾಳೆ ಬರೆದಿದ್ದೇನೆ, ಹರಿಯುವುದಿಲ್ಲ. ಅವರಿಬ್ಬರು ಹೋದದ್ದಕ್ಕೆ ಸಿಟ್ಟು ಬಂತು, ಬೈದು ಮುಗಿಸಿದೆ. ನಿನ್ನದಕ್ಕೆ ಸಿಟ್ಟೇ ಬರುತ್ತಿಲ್ಲ. ನನ್ನ ಮನೆಯ ಗೇಟಿನ ಮುಂದೆಯೇ ಹೋಗಿರಬೇಕಲ್ಲ ವ್ಯಾನು, ಬೇರೆ ರಸ್ತೆ ಇಲ್ಲ. ಮುಚ್ಚಿದ ಬಾಗಿಲನ್ನಾದರೂ ಒಮ್ಮೆ ತಿರುಗಿ ನೋಡಿದೆಯಾ?

ನಿನ್ನದು ಒಂದೇ ಸ್ನಾನ, ಬೆಸ, ಮುಗಿಯಿತು. ಅವರದು ಏಳು, ಮುಗಿಯಿತು. ನನ್ನದು ಆರಕ್ಕೆ ನಿಂತಿದೆ. ಒಬ್ಬಳೇ ನೀರಿಗಿಳಿಯುವುದಿಲ್ಲ ನಾನು. ಮಳೆ ಇನ್ನೂ ಹಿಡಿದಿಲ್ಲ. ನೀನು ಬಂದು ನನ್ನ ಕೈ ಹಿಡಿದು ಒಮ್ಮೆ ಮುಳುಗಿದರೆ ನಿನ್ನದು ಎರಡಾಗುತ್ತದೆ, ಮೂರನೆಯದಕ್ಕೆ ನೀನು ಇಲ್ಲೇ ಉಳಿಯಲೇಬೇಕಾಗುತ್ತದೆ. ವಾಚು ಮನೆಯಲ್ಲಿಟ್ಟು ಬರುತ್ತೇನೆ.