ಫ್ರೀಜರ್‌ನಲ್ಲಿ ಇನ್ನೊಂದು ಡಬ್ಬಿ

ಪುಟ್ಟಾ,

ನಿನ್ನೆ ಉಳಿದ ಅನ್ನ, ಅರ್ಧ ಹೂಕೋಸು ಫ್ರಿಜ್‌ನಲ್ಲಿದೆ. ಸಂಜೆ ಎರಡನ್ನೂ ಸೇರಿಸಿ ಹುರಿದಿಡು. ಈ ಚಳೀಲಿ ಮತ್ತೆ ಬರೀ ಬ್ರೆಡ್ ತಿಂದು ಮಲಗಿದ್ರೆ ಒದೆ ಬೀಳುತ್ತೆ.

ಫ್ರೀಜರ್ ಮಾತ್ರ ತೆಗೀಬೇಡ. ಅಮ್ಮ ಸಾಯೋ ಮುಂಚೆ ಅಡುಗೆ ಮಾಡಿ ಅದರಲ್ಲಿ ತುಂಬಿಟ್ಟಿದ್ದ ಡಬ್ಬಿಗಳಲ್ಲಿ ಕೊನೇದನ್ನ ಭಾನುವಾರ ನಾವಿಬ್ಬರೂ ಅತ್ತುಕೊಂಡೇ ತಿಂದ್ವಲ್ಲ? ಬೆಳಗ್ಗೆ ನೋಡಿದ್ರೆ ಇನ್ನೊಂದು ಡಬ್ಬಿ ಇದೆ. ಮುಟ್ಟಿದ್ರೆ ಬೆಚ್ಚಗಿದೆ. ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ ‘ಕುಂಬಳಕಾಯಿ, ಮೂವರಿಗೆ’ ಅಂತ ಬರೆದಿದೆ. ತಾರೀಖು ಇವತ್ತಿಂದು.

ನಿನ್ನ ತಮಾಷೆ ಆಗಿದ್ರೆ ಫೋನ್ ಮಾಡಿ ಹೇಳಿಬಿಡು, ಬೈಯಲ್ಲ. ಅಲ್ಲದಿದ್ರೆ ಮೇಜಿನ ಮೇಲೆ ಮೂರು ತಟ್ಟೆ ಇಡು. ಔಷಧಿ ಅಂಗಡಿ ಬಾಗಿಲು ಹಾಕಿ ಏಳಕ್ಕೆ ಬರ್ತೀನಿ. ಅವಳೇ ಕರೆದ್ರೂ ನನ್ನ ಬಿಟ್ಟು ಊಟಕ್ಕೆ ಕೂರಬೇಡ ಕಣೋ.

ಅಕ್ಕ