ಮಾಜಿ ಸದಸ್ಯರ ಶನಿವಾರಗಳು

ಹಿಲ್ಸ್‌ಬರೋ, ಶೆಫೀಲ್ಡ್
ಗುರುವಾರ, 12 ಮಾರ್ಚ್ 1987

ಪ್ರೀತಿಯ ಅಪ್ಪಾ,

ಫೋನಿನಲ್ಲಿ ಹೇಳಲು ಹೋದರೆ ನೀನು ಸಭೆಯಲ್ಲಿ ನಿಂತವನ ಹಾಗೆ ಉತ್ತರಿಸತೊಡಗುತ್ತೀಯ. ಅದಕ್ಕೇ ಈ ಕಾಗದ.

ನೀನು ಸೋತು ನಾಲ್ಕು ವರ್ಷವಾಗುತ್ತ ಬಂತು. ಈ ಊರಿನಿಂದ ಹತ್ತೊಂಬತ್ತು ವರ್ಷ ಪಾರ್ಲಿಮೆಂಟಿಗೆ ಹೋದೆ, ಅದನ್ನು ಯಾರೂ ಅಳಿಸಿಲ್ಲ. ಆದರೆ ಈಗಲೂ ಪ್ರತಿ ಶನಿವಾರ ಕೋಟು ತೊಟ್ಟು, ಲೈಬ್ರರಿಯ ಮೂಲೆಮೇಜಿನಲ್ಲಿ ಕೂತು ಜನರ ಅಹವಾಲು ಕೇಳುತ್ತೀಯಲ್ಲ, ಯಾವ ಅಧಿಕಾರದಿಂದ? 'ಮಾಜಿ' ಎಂಬ ಎರಡಕ್ಷರ ನಿನ್ನ ಬಾಯಿಂದ ಹೊರಡುವುದೇ ಇಲ್ಲ.

ನಿನ್ನ ಆ ಮೇಜಿಗೆ ಅಹವಾಲು ತಂದಿದ್ದ ಐವಿ ಬ್ಯಾಗ್‌ಶಾ ಮನೆಗೆ ನಿನ್ನೆ ಹೋಗಿದ್ದೆ. ಅವರ ಬೀದಿಯನ್ನು ಕೆಡವುತ್ತಾರೆ. ಬದಲಿಗೆ ಕೊಟ್ಟಿರುವ ಮನೆ ಒಂಬತ್ತನೇ ಮಹಡಿಯಲ್ಲಿ. ಅವಳ ಗಂಡ ಆಲ್ಬರ್ಟ್ ಮೂವತ್ತು ವರ್ಷ ಉಕ್ಕಿನ ಕುಲುಮೆಯ ಮುಂದೆ ನಿಂತವನು. ಈಗ ಚಹಾದ ಕೆಟಲ್ ಎತ್ತಿದರೂ ಏದುಸಿರು. ಲಿಫ್ಟ್ ಕೆಟ್ಟ ದಿನ ಅವನಿಗೆ ಅದು ಜೈಲೇ. ನೋಟಿಸು ಬಂದ ತಿಂಗಳೊಳಗೆ ನೆಲದಂತಸ್ತಿನ ಮನೆ ಕೇಳಿ ನಗರಸಭೆಗೆ ಅರ್ಜಿ ಹಾಕಿದ್ದರೆ ಸಾಕಿತ್ತು. ಒಂದೇ ಒಂದು ಪುಟ! ನೀನು, "ಅದೆಲ್ಲ ಯಾಕೆ ಐವಿ, ನಾನು ನೇರ ಮಂತ್ರಿಗೇ ಬರೀತೀನಿ" ಅಂದೆಯಂತೆ. ಗಡುವು ದಾಟಿತು.

ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಐವಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡುತ್ತ, "ನಮ್ ಎಂಪಿ ಏನಾದ್ರೂ ಮಾಡೇ ಮಾಡ್ತಾರೆ ಬಿಡು ಪುಟ್ಟಿ" ಎಂದಳು. ಆಲ್ಬರ್ಟ್ ಮಾತ್ರ, "ನಿಮ್ಮಪ್ಪ ಇನ್ನೂ ಎಂಪಿ ಅನ್ನೋದಾದ್ರೆ ನಾನು ಕುಸ್ತಿ ಪೈಲ್ವಾನ್ ಕಣಮ್ಮ. ಹೇಳೋಕೆ ಇವಳು ಬಿಡಲ್ಲ" ಎಂದು ನಕ್ಕ. ಆ ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾನು ಗೋಡೆ ನೋಡುತ್ತ ಕೂತೆ.

ನಗರಸಭೆಯಲ್ಲಿ ವಿಚಾರಿಸಿದ್ದೇನೆ. ದಾರಿ ತಪ್ಪಿಸಿದವರು ಸೋಮವಾರದೊಳಗೆ ಬರೆದುಕೊಟ್ಟರೆ ತಡವಾದ ಅರ್ಜಿಯನ್ನೂ ನೋಡುತ್ತಾರಂತೆ. ಜೊತೆಗಿಟ್ಟ ಹಾಳೆಯಲ್ಲಿ ಎರಡೇ ಸಾಲು: ನಾನು ಈಗ ಸಂಸದನಲ್ಲ, ಅರ್ಜಿ ಬೇಡವೆಂದವನು ನಾನೇ. ಸಹಿ ಹಾಕು ಅಪ್ಪಾ. ಭಾಷಣ ಬೇಡ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಥೆಲ್ಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನವೆಂಬರಿನಲ್ಲಿ ಮಂತ್ರಿಯ ಕಚೇರಿಯಿಂದ "ಪರಿಶೀಲಿಸುತ್ತಿದ್ದೇವೆ" ಎಂದು ನಿನಗೆ ಬಂದ ಉತ್ತರ ಸುಳ್ಳು. ಅದನ್ನು ಟೈಪ್ ಮಾಡಿದವಳು ನಾನು. ನೀನು ಮಂತ್ರಿಗೆ ಬರೆದ ಹನ್ನೊಂದು ಕಾಗದಗಳಿಗೆ ಒಂದೂ ಉತ್ತರವಿರಲಿಲ್ಲ. ನೀನು ಊಟ ಬಿಟ್ಟು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದೆ. ಆ ಸುಳ್ಳು ಉತ್ತರವನ್ನು ಐವಿಗೆ ತೋರಿಸಿ ನಂಬಿಸುತ್ತೀಯೆಂದು ನನಗೆ ಹೊಳೆಯಲೇ ಇಲ್ಲ. ನನ್ನ ತಪ್ಪೊಪ್ಪಿಗೆಯನ್ನು ಇಂದು ಬೆಳಿಗ್ಗೆ ನಗರಸಭೆಗೆ ಕೊಟ್ಟು ಬಂದೆ.